ಅಕ್ಕಯಮ್ಮನ ನಿದ್ದೆ

ನನ್ನ ತಮ್ಮನ ಮೊಮ್ಮಗಳು ಫಾರ್ಮಸಿ ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರಿದ್ದಾಳೆ. ಹೋದ ವಾರ ಬಂದಿದ್ದವಳು, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ತಾತ, ಬರೆದಿಡಿ ಎಂದಳು. ಬರೆಯಲು ಕೂತಾಗ ಮೊದಲು ನೆನಪಿಗೆ ಬಂದದ್ದು ಆ ಕಾಲದ ಸುಸ್ತು. ಇಷ್ಟು ವರ್ಷದ ಮೇಲೂ ಬೆಳಗ್ಗೆ ಏಳುವಾಗ ಒಂದು ಕ್ಷಣ, ಜಗಲಿಯಲ್ಲಿ ಜನ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಆಮೇಲೆ ಯಾರೂ ಇಲ್ಲ ಎಂದು ನೆನಪಾಗುತ್ತದೆ.

ನಾನು ಕಾಂಪೌಂಡರ್ ಆಗಿದ್ದೆ. ಈಗ ಆ ಹೆಸರೇ ಇಲ್ಲ. ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನು ಓದಿ, ಅಳೆದು, ಬೆರೆಸಿ, ಸೀಸೆಗೆ ತುಂಬಿ ಕೊಡುವವನು. ಕೆಲಸ ಕಲಿತದ್ದು ಚಿಕ್ಕಬಳ್ಳಾಪುರದಲ್ಲಿ, ಐವತ್ತರ ದಶಕದ ಮೊದಲಲ್ಲಿ. ಆಮೇಲೆ ಗೌರಿಬಿದನೂರಿನ ಕಡೆ ಒಂದಷ್ಟು ವರ್ಷ, ಶಿಡ್ಲಘಟ್ಟ ಚಿಂತಾಮಣಿಗಳ ಕಡೆ ಒಂದಷ್ಟು ವರ್ಷ, ಹೆಚ್ಚಾಗಿ ಹಳ್ಳಿಯ ಸಣ್ಣ ಡಿಸ್ಪೆನ್ಸರಿಗಳಲ್ಲೇ ಕಳೆದೆ. ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದನ್ನು ಬರೆದು ಯಾರಿಗೂ ಉಪಯೋಗವಿಲ್ಲ. ಊರುಗಳ ಹೆಸರನ್ನೂ ಎಲ್ಲ ಕಡೆ ಬರೆಯುವುದಿಲ್ಲ. ಏಕೆಂದು ಮುಂದೆ ತಿಳಿಯುತ್ತದೆ.

ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಜಗಲಿಯ ತುಂಬ ಜನ ಇರುತ್ತಿದ್ದರು. ಸೀಸೆಯನ್ನು ರೋಗಿಗಳೇ ತರಬೇಕು. ಒಬ್ಬರದು ಸೀಮೆಎಣ್ಣೆ ವಾಸನೆಯದು, ಇನ್ನೊಬ್ಬರದು ಹರಳೆಣ್ಣೆ ಜಿಡ್ಡಿನದು. ತೊಳೆದುಕೊಂಡು ಬನ್ನಿ ಎಂದು ಬಾವಿಯ ಕಡೆ ಕಳಿಸುವುದೇ ದಿನದ ಮೊದಲ ಜಗಳ. ಔಷಧಿ ತುಂಬಿದ ಮೇಲೆ ಒಂದು ಕಾಗದದ ಪಟ್ಟಿಯ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಸೀಸೆಗೆ ಅಂಟಿಸುತ್ತಿದ್ದೆ. ಒಂದು ಹಲ್ಲಿನಷ್ಟು ಔಷಧಿ ಒಂದು ಹೊತ್ತಿಗೆ. ಓದು ಬಾರದವರಿಗೂ ಅದು ತಿಳಿಯುತ್ತಿತ್ತು. ಅಳತೆಯೆಲ್ಲ ಗ್ರೇನು, ಡ್ರಾಮು, ಔನ್ಸುಗಳಲ್ಲಿ. ಆಮೇಲೆ ಗ್ರಾಂ, ಮಿಲಿಲೀಟರ್ ಬಂದಾಗ ಎಷ್ಟೋ ತಿಂಗಳು ತಲೆಯೊಳಗೆ ಎರಡು ತಕ್ಕಡಿ ಇಟ್ಟುಕೊಂಡೇ ಕೆಲಸ ಮಾಡಿದೆ. ಕ್ರಮೇಣ ಮಾತ್ರೆಗಳು ಬಂದವು, ಸೀಸೆಗಳು ಹೋದವು. ಕೈಕೆಲಸ ಕಡಿಮೆಯಾಯಿತು. ಆದರೆ ಜನ ಹೇಳುವ ಕಾಯಿಲೆ ಮಾತ್ರ ಬದಲಾಗಲಿಲ್ಲ.

ಬಂದವರಲ್ಲಿ ಅರ್ಧಕ್ಕರ್ಧ ಜನ ಹೇಳುತ್ತಿದ್ದುದು ಒಂದೇ ಮಾತು: ಮೈಕೈ ನೋವು, ರಾತ್ರಿ ನಿದ್ದೆ ಇಲ್ಲ. ಗದ್ದೆಯಲ್ಲಿ ದುಡಿಯುವವರೂ ಹೇಳುತ್ತಿದ್ದರು, ಕೂತು ಉಣ್ಣುವವರೂ ಹೇಳುತ್ತಿದ್ದರು. ನೋವಿಗೆ ಒಂದು ಸೀಸೆ, ನಿದ್ದೆಗೆ ಒಂದು ಸೀಸೆ. ಎರಡೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಏಕೆ ಬರುತ್ತಿವೆ ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲು ಹೊತ್ತೂ ಇರಲಿಲ್ಲ.

ನನಗಾದರೂ ಅದು ತಿಳಿಯಬೇಕಾಗಿತ್ತು. ಏಕೆಂದರೆ ನನ್ನದೇ ಒಂದು ಹಲ್ಲು ಹೋಗಿತ್ತು.

ಆಗ ಗೌರಿಬಿದನೂರಿನ ಕಡೆಯ ಒಂದು ಹಳ್ಳಿಯಲ್ಲಿದ್ದೆ. ಹೊಸದಾಗಿ ಬಂದ ಡಾಕ್ಟರು ದಾಸ್ತಾನು ನೋಡಿದಾಗ ಸ್ಪಿರಿಟ್ ಕಡಿಮೆ ಇತ್ತು. ಗಾಯ ತೊಳೆಯುವ, ಸ್ಟೌ ಹಚ್ಚುವ ಸ್ಪಿರಿಟ್ಟು. ಅವರು ನನ್ನನ್ನು ಬೈಯಲಿಲ್ಲ. ಮಾರನೆಯ ಬೆಳಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಎದುರಿಗೆ ಬಂದು ನಿಂತು, ಬಾಯಿ ತೆಗಿ ಎಂದರು. ಜಗಲಿಯಲ್ಲಿ ಜನ ನೋಡುತ್ತಿದ್ದರು. ನಾನು ಬಾಯಿ ತೆಗೆದೆ. ಅವರು ಮೂಸಿ ನೋಡಿ ಒಳಗೆ ಹೋದರು. ಅದರ ಮಾರನೆಯ ದಿನವೂ ಹಾಗೆಯೇ. ಹೆಚ್ಚುಕಡಿಮೆ ಒಂದು ವರ್ಷ ಹಾಗೆಯೇ ನಡೆಯಿತು. ನಾನು ಕುಡಿಯುವವನಲ್ಲ. ಹಾಗಂತ ಒಂದು ಸಲ ಹೇಳಿದೆ. ಕುಡಿಯುವವರೆಲ್ಲ ಹಾಗೇ ಹೇಳುವುದು ಎಂದರು.

ಆ ವರ್ಷ ನನ್ನ ನಿದ್ದೆ ಕೆಟ್ಟಿತು. ಮಲಗಿದರೆ ಬೆಳಗಿನ ಎಂಟು ಗಂಟೆಯೇ ಕಣ್ಣ ಮುಂದೆ ಬರುತ್ತಿತ್ತು. ಸೊಂಟ ಹಿಡಿಯಿತು. ದವಡೆಯ ಬಲಗಡೆ ನೋವು ಶುರುವಾಯಿತು. ಕೆಲವು ದಿನ ಅನ್ನ ಅಗಿಯಲು ಆಗುತ್ತಿರಲಿಲ್ಲ. ನೀವು ನಿದ್ದೆಯಲ್ಲಿ ಹಲ್ಲು ಕಡೀತೀರ, ಗಿರಣಿ ಶಬ್ದ ಬಂದಂಗೆ ಬರುತ್ತೆ ಎಂದು ಹೆಂಡತಿ ಹೇಳಿದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೋವಿನ ಪುಡಿಗಳನ್ನು ನಾನೇ ಕಟ್ಟಿಕೊಂಡು ನುಂಗಿದೆ. ಕೊನೆಗೆ ರಜೆ ಹಾಕಿ, ದೂರದ ಊರಿನ ಒಬ್ಬ ಹಲ್ಲಿನ ವೈದ್ಯನ ಹತ್ತಿರ ಹೋಗಿ, ಇದೇ ಹಲ್ಲು ಎಂದು ತೋರಿಸಿ ಕೀಳಿಸಿಕೊಂಡು ಬಂದೆ. ಕೈಗೆ ಕೊಟ್ಟ ಹಲ್ಲನ್ನು ನೋಡಿದರೆ ಹುಳುಕಿನ ಗುರುತೂ ಇರಲಿಲ್ಲ. ನೋವು ಮಾತ್ರ ಇದ್ದಲ್ಲೇ ಇತ್ತು.

ಮಳೆಗಾಲದ ಹೊತ್ತಿಗೆ ಆ ಡಾಕ್ಟರಿಗೆ ವರ್ಗವಾಯಿತು. ದಾಸ್ತಾನು ಒಪ್ಪಿಸುವಾಗ ಸ್ಪಿರಿಟ್ ಡಬ್ಬಿಯ ಬಿರಡೆ ಸೀಳಿರುವುದು ಕಣ್ಣಿಗೆ ಬಿತ್ತು. ಸ್ಪಿರಿಟ್ಟು ಆ ಸೀಳಿನಿಂದ ಆವಿಯಾಗಿ ಹೋಗುತ್ತಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಹೊಸ ಬಿರಡೆ ತರಿಸು ಎಂದಷ್ಟೇ ಹೇಳಿ ಹೋದರು. ಹದಿನೈದು ದಿನದೊಳಗೆ ನನಗೆ ನಿದ್ದೆ ಬಂತು. ಸೊಂಟ ಸಡಿಲವಾಯಿತು. ದವಡೆಯ ನೋವು ಯಾವಾಗ ಹೋಯಿತೆಂಬುದು ಗೊತ್ತೇ ಆಗಲಿಲ್ಲ. ಹಲ್ಲು ಮಾತ್ರ ಹೋದದ್ದು ಹೋಯಿತು.

ಇಷ್ಟಾದರೂ ನಾನು ಪಾಠ ಕಲಿಯಲಿಲ್ಲ. ಮನುಷ್ಯ ತನ್ನ ಮೈಮೇಲೆ ಬಂದದ್ದನ್ನು ತನಗೊಬ್ಬನಿಗೇ ಬಂದದ್ದು ಅಂದುಕೊಳ್ಳುತ್ತಾನೆ.

ಅಲ್ಲಿಂದ ನನಗೆ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಊರಿಗೆ ವರ್ಗವಾಯಿತು. ರೇಷ್ಮೆಯ ಊರು. ಮನೆಗಳಲ್ಲಿ ಹುಳು ಸಾಕುತ್ತಿದ್ದರು, ಶೆಡ್ಡುಗಳಲ್ಲಿ ಗೂಡನ್ನು ಬಿಸಿನೀರಿಗೆ ಹಾಕಿ ಚರಕದಲ್ಲಿ ನೂಲು ಬಿಚ್ಚುತ್ತಿದ್ದರು. ಬೆಂದ ಹುಳುವಿನ ವಾಸನೆ ಊರಿನ ಮೇಲೆ ಯಾವಾಗಲೂ ಇರುತ್ತಿತ್ತು. ಒಂದು ತಿಂಗಳಾದ ಮೇಲೆ ಅದು ಮೂಗಿಗೆ ತಿಳಿಯುವುದಿಲ್ಲ. ಅಲ್ಲಿನ ಜನ ಕನ್ನಡದಲ್ಲಿ ಮಾತು ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಸಂಕಟ ಹೆಚ್ಚಾದಾಗಂತೂ ಬರೀ ತೆಲುಗು.

ಅಲ್ಲಿದ್ದ ಡಾಕ್ಟರು ವಯಸ್ಸಾದವರು. ಮೂಳೆ ಕೂರಿಸುವುದರಲ್ಲಿ, ಕುರು ಕೊಯ್ಯುವುದರಲ್ಲಿ ಅಂಥ ಕೈ ನಾನು ಇನ್ನೊಂದು ನೋಡಿಲ್ಲ. ಆದರೆ ಕಣ್ಣಿಗೆ ಕಾಣದ ಕಾಯಿಲೆಯಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಮುಟ್ಟಿ ನೋಡಿ ಏನೂ ಸಿಗದಿದ್ದರೆ ಚೀಟಿಯ ಮೂಲೆಯಲ್ಲಿ ಒಂದು ಸಣ್ಣ ಗುರುತು ಹಾಕುತ್ತಿದ್ದರು. ಬಣ್ಣದ ನೀರು ಕೊಡು ಎಂದು ಅದರ ಅರ್ಥ. ನೀರಿಗೆ ಒಂದಿಷ್ಟು ಕೆಂಪು ಬಣ್ಣ, ಬಾಯಿಗೆ ಖಾರವಾಗಲೆಂದು ಒಂದಿಷ್ಟು ಶುಂಠಿ. ನಾನು ಕೊಟ್ಟಿದ್ದೇನೆ. ಕೆಲವರಿಗೆ ಗುಣವೂ ಆಗುತ್ತಿತ್ತು, ಅದು ನಮಗೆ ಇನ್ನಷ್ಟು ಧೈರ್ಯ ಕೊಟ್ಟಿತು.

ಅಕ್ಕಯಮ್ಮ ಬಂದದ್ದು ಆ ಡಾಕ್ಟರ ಕಾಲದಲ್ಲಿ. ಅದು ಆಕೆಯ ನಿಜವಾದ ಹೆಸರಲ್ಲ. ನಲವತ್ತರ ಆಸುಪಾಸಿನ ಹೆಂಗಸು, ಗಂಡ ಇಲ್ಲ, ನೂಲು ಬಿಚ್ಚುವ ಶೆಡ್ಡಿನಲ್ಲಿ ಕೆಲಸ. ಬಿಸಿನೀರಿನಲ್ಲಿ ಆಡಿ ಆಡಿ ಬೆರಳ ತುದಿಗಳು ಬಿಳುಚಿಕೊಂಡು ಸುಕ್ಕಾಗಿದ್ದವು. ಕತ್ತಿನ ಬಲಗಡೆಯಿಂದ ಭುಜದವರೆಗೆ ನೋವು, ತಲೆನೋವು, ಬೆನ್ನು ಬಿಗಿತ. ರಾತ್ರಿ ನಿದ್ದೆ ಇಲ್ಲ. ಎಷ್ಟು ದಿನದಿಂದ ಎಂದರೆ, ಅಯ್ಯೋ ದಿನ ಎಲ್ಲಿ ಸಾಮಿ, ವರ್ಷಗಳಾದವು ಎಂದಳು.

ಡಾಕ್ಟರು ಮೊದಲು ನೋವಿನ ಮಿಕ್ಸ್ಚರ್, ಹಚ್ಚುವ ಎಣ್ಣೆ ಬರೆದರು. ಅದರಿಂದ ಆಗಲಿಲ್ಲ. ಆಮೇಲೆ ಬಣ್ಣದ ನೀರು. ಅದರಿಂದಲೂ ಆಗಲಿಲ್ಲ. ಮೂರನೆಯ ಸಲ ಬೇಸತ್ತು, ಇವಳಿಗೆ ನಿದ್ದೆ ಮಾಡಿಸಿಬಿಡು ಎಂದು ಬ್ರೋಮೈಡ್ ಮಿಕ್ಸ್ಚರ್ ಬರೆದರು. ಆ ಕಾಲದಲ್ಲಿ ನಿದ್ದೆಗೆ, ನರಗಳ ಕಾಯಿಲೆಗೆ ಅದನ್ನೇ ಕೊಡುತ್ತಿದ್ದುದು. ನೀರಿನಂತೆ ತಿಳಿಯಾಗಿರುತ್ತದೆ, ಬಾಯಿಗೆ ಉಪ್ಪುಪ್ಪು. ಅದು ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ, ದಿನದಿನಕ್ಕೆ ಸೇರುತ್ತಾ ಹೋಗುತ್ತದೆ. ಅದನ್ನು ನಾನು ಚಿಕ್ಕಬಳ್ಳಾಪುರದಲ್ಲಿ ಓದಿದ್ದೆ. ಓದಿ ಮರೆತಿದ್ದೆ.

ವಾರ ಬಿಟ್ಟು ಬಂದವಳು ಸೀಸೆ ಚಾಚಿದಳು. ನಿದ್ದೆ ಬಂತೇನಮ್ಮ ಎಂದೆ. ಇಲ್ಲ ಸಾಮಿ, ಆದರೆ ಇದೇ ಔಷಧಿ ಕೊಡಿ ಎಂದಳು. ಇಲ್ಲವೆಂದವಳು ಅದನ್ನೇ ಏಕೆ ಕೇಳುತ್ತಾಳೆ ಎಂದು ನಾನು ಆ ಹೊತ್ತು ಯೋಚಿಸಲಿಲ್ಲ. ಹಿಂದೆ ಇಪ್ಪತ್ತು ಜನ ನಿಂತಿದ್ದರು. ಹೀಗೆ ವಾರ ವಾರ ಬಂದಳು. ಡಾಕ್ಟರು ಚೀಟಿಯ ಮೇಲೆ 'ಅದೇ' ಎಂದು ಬರೆಯುತ್ತಿದ್ದರು, ಆಮೇಲಾಮೇಲೆ ಅದನ್ನೂ ಬರೆಯುತ್ತಿರಲಿಲ್ಲ. ಅವಳು ನೇರ ನನ್ನ ಕಿಟಕಿಗೇ ಬರುತ್ತಿದ್ದಳು. ಕಣ್ಣ ಸುತ್ತ ಕಪ್ಪು, ಕತ್ತು ಒಂದು ಕಡೆಗೇ ಎಳೆದಂತೆ. ಒಂದು ದಿನ ಸ್ವಲ್ಪ ಗಟ್ಟಿ ಔಷಧಿ ಕೊಡಿ ಸಾಮಿ, ಇದು ಸಾಲ್ತಾ ಇಲ್ಲ ಎಂದಳು. ನನಗೆ ಕನಿಕರವಾಯಿತು. ಯಾರನ್ನೂ ಕೇಳದೆ ಬ್ರೋಮೈಡಿನ ಪ್ರಮಾಣವನ್ನು ಹೆಚ್ಚಿಸಿದೆ.

ನನ್ನ ವೃತ್ತಿಯ ತಪ್ಪುಗಳಲ್ಲಿ ದೊಡ್ಡದು ಇದು. ಕನಿಕರದಿಂದ ಮಾಡಿದೆ ಎಂದು ಹೇಳಿದರೆ ಅದು ಚಿಕ್ಕದಾಗುವುದಿಲ್ಲ.

ಅವಳ ಜೊತೆಗೆ ಯಾವಾಗಲೂ ಒಬ್ಬ ಹುಡುಗಿ ಬರುತ್ತಿದ್ದಳು. ಹದಿನೇಳು ಹದಿನೆಂಟರ ಮಗಳು. ಸರೋಜ ಎಂದಿಟ್ಟುಕೊಳ್ಳಿ. ಅವಳು ಒಳಗೆ ಬರುತ್ತಿರಲಿಲ್ಲ, ಕಾಂಪೌಂಡಿನ ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದಳು. ಎಡಗೈಯನ್ನು ಸದಾ ಸೆರಗಿನಲ್ಲಿ ಮುಚ್ಚಿಕೊಂಡಿರುತ್ತಿದ್ದಳು. ಅಕ್ಕಯಮ್ಮ ಕಿಟಕಿಯಲ್ಲಿ ನಿಂತು ನನ್ನೊಡನೆ ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ ಮರದ ಕಡೆಗೇ ನೋಡುತ್ತಿದ್ದಳು. ಎಷ್ಟೋ ತಿಂಗಳು ಇದನ್ನು ನಾನು ಕಂಡೆ. ಕಂಡೆ ಎಂದಷ್ಟೇ ಹೇಳಬೇಕು, ನೋಡಲಿಲ್ಲ.

ಹಳೆಯ ಡಾಕ್ಟರು ನಿವೃತ್ತರಾಗಿ ಅವರ ಜಾಗಕ್ಕೆ ಒಬ್ಬ ಹೆಣ್ಣುಮಗಳು ಬಂದರು. ಆ ಹಳ್ಳಿಗೆ ಬಂದ ಮೊದಲ ಲೇಡಿ ಡಾಕ್ಟರ್. ವಯಸ್ಸು ಮೂವತ್ತೂ ಆಗಿರಲಿಲ್ಲ. ಜನ ಡಾಕ್ಟ್ರಮ್ಮ ಎನ್ನುತ್ತಿದ್ದರು. ಅವರು ನಿಧಾನ. ಒಬ್ಬೊಬ್ಬರನ್ನೂ ಕೂರಿಸಿ ಕೇಳುತ್ತಿದ್ದರು. ಹನ್ನೆರಡಕ್ಕೆ ಮುಗಿಯುತ್ತಿದ್ದ ಕೆಲಸ ಎರಡಕ್ಕೆ ಮುಗಿಯತೊಡಗಿತು. ನಾನು ಒಳಗೊಳಗೇ ಗೊಣಗುತ್ತಿದ್ದೆ.

ಅವರು ಬಂದ ಹೊಸತರಲ್ಲಿ ಒಂದು ಬೆಳಗ್ಗೆ ಅಕ್ಕಯಮ್ಮ ಮಗಳನ್ನು ಎತ್ತಿನ ಗಾಡಿಯಲ್ಲಿ ಕರೆತಂದಳು. ಸರೋಜಳ ಮುಖದ ತುಂಬ ಕೀವು ತುಂಬಿದ ಗುಳ್ಳೆಗಳು. ಕಣ್ಣು ಅರ್ಧ ಮುಚ್ಚಿದ್ದವು. ಇಳಿಸಿ ನಿಲ್ಲಿಸಿದರೆ ಕುಡಿದವಳಂತೆ ತೂರಾಡಿದಳು. ಹೆಸರು ಕೇಳಿದರೆ ನಾಲಗೆ ಹೊರಳಲಿಲ್ಲ. ಗೋಡೆಯ ಕಡೆ ನೋಡಿ ಯಾರೊಡನೆಯೋ ಮಾತಾಡಿದಳು. ಜಗಲಿಯಲ್ಲಿದ್ದವರು ಎದ್ದು ದೂರ ಸರಿದರು. ಗಾಳಿ ಮೆಟ್ಟಿಕೊಂಡಿದೆ ಎಂದು ಒಬ್ಬರು ಹೇಳಿದರು.

ಡಾಕ್ಟ್ರಮ್ಮ ಹುಡುಗಿಯನ್ನು ಒಳಗೆ ಮಲಗಿಸಿ ಪರೀಕ್ಷೆ ಮಾಡಿದರು. ಸೆರಗು ಸರಿಸಿದಾಗ ಎಡಗೈ ಕಾಣಿಸಿತು. ಮಣಿಕಟ್ಟಿನಿಂದ ಮೇಲೆ ಸುಟ್ಟ ಹಳೆಯ ಗುರುತು, ಚರ್ಮ ಮುದುರಿಕೊಂಡಿತ್ತು. ನಾಲಗೆಯ ಅಂಚಿನಲ್ಲೂ ಕಚ್ಚಿದ ಹಳೆಯ ಗುರುತುಗಳಿದ್ದವು. ಆಮೇಲೆ ಅಕ್ಕಯಮ್ಮನನ್ನು ಕೇಳಿದರು, ಈ ಹುಡುಗಿಗೆ ಏನಾದರೂ ಔಷಧಿ ಕೊಡುತ್ತಿದ್ದೀರಾ ಎಂದು. ಇಲ್ಲವೆಂದಳು. ಡಾಕ್ಟ್ರಮ್ಮ ಅದನ್ನೇ ಇನ್ನೊಮ್ಮೆ ಕೇಳಿದರು. ಅಕ್ಕಯಮ್ಮ ಮಡಿಲಿಗೆ ಕೈಹಾಕಿ ಸೀಸೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಹಲ್ಲು ಹಲ್ಲಾಗಿ ಕತ್ತರಿಸಿದ ಪಟ್ಟಿ ಅಂಟಿಸಿದ್ದ ಸೀಸೆ. ಅಂಟಿಸಿದ್ದವನು ನಾನು.

ಅದು ಏನೆಂದು ನಾನೇ ಹೇಳಿದೆ. ಪ್ರಮಾಣವನ್ನೂ ಹೇಳಿದೆ. ಹೆಚ್ಚಿಸಿದ್ದನ್ನೂ ಹೇಳಿದೆ. ಗುಳ್ಳೆ, ತೂರಾಟ, ಗೋಡೆಯೊಡನೆ ಮಾತು, ಎಲ್ಲವೂ ಮೈಯಲ್ಲಿ ಸೇರಿಕೊಂಡ ಬ್ರೋಮೈಡಿನದೇ ಎಂದು ಆಗ ತಿಳಿಯಿತು.

"ಇದು ನಿಮಗೆ ನಿದ್ದೆ ಬರ್ಲಿ ಅಂತ ಕೊಟ್ಟಿದ್ದಲ್ವೇನಮ್ಮ?" ಎಂದರು ಡಾಕ್ಟ್ರಮ್ಮ. "ನೀವ್ಯಾಕೆ ಕುಡೀಲಿಲ್ಲ?"

"ನಾನು ನಿದ್ದೆ ಮಾಡಿದ್ರೆ ಇವಳನ್ನ ನೋಡ್ಕೊಳ್ಳೋರು ಯಾರಮ್ಮ?" ಎಂದಳು ಅಕ್ಕಯಮ್ಮ.

ಆಮೇಲೆ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದಳು. ಡಾಕ್ಟ್ರಮ್ಮನಿಗೆ ತೆಲುಗು ಅಷ್ಟಾಗಿ ಬರುತ್ತಿರಲಿಲ್ಲ, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಸರೋಜಳಿಗೆ ಒಂಬತ್ತನೆಯ ವರ್ಷದಿಂದ ಮೂರ್ಛೆ ಬರುತ್ತಿತ್ತು. ಹಗಲಿನಲ್ಲೂ ಬರುವುದು, ನಿದ್ದೆಯಲ್ಲೂ ಬರುವುದು. ಗೊತ್ತಾದರೆ ಮದುವೆಯಾಗುವುದಿಲ್ಲವೆಂದು ಅಕ್ಕಯಮ್ಮ ಯಾರಿಗೂ ಹೇಳಿರಲಿಲ್ಲ, ಒಡಹುಟ್ಟಿದ ಅಣ್ಣನಿಗೂ ಹೇಳಿರಲಿಲ್ಲ. ಮಗಳನ್ನು ಮನೆಯಲ್ಲಿ ಬಿಡುವಂತಿಲ್ಲ, ಬಾವಿ ಇದೆ, ಒಲೆ ಇದೆ. ಶೆಡ್ಡಿಗೆ ಕರೆದುಕೊಂಡು ಹೋದರೆ ಅಲ್ಲಿಯೂ ಬೆಂಕಿ, ಕುದಿಯುವ ನೀರು. ತನ್ನ ಬೆನ್ನ ಹಿಂದೆ ಬಲಗಡೆ ಕೂರಿಸಿಕೊಂಡು, ನೂಲಿನ ಎಳೆ ಒಂದು ಸಲ, ಮಗಳ ಮುಖ ಒಂದು ಸಲ ನೋಡುತ್ತಾ ಎಂಟು ವರ್ಷ ಕೆಲಸ ಮಾಡಿದ್ದಳು. ರಾತ್ರಿ ತನ್ನ ಸೆರಗಿನ ತುದಿಯನ್ನು ಮಗಳ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಮಗಳು ಮಗ್ಗುಲಾದರೂ ಎಚ್ಚರ.

ನಾನು ಕೊಟ್ಟ ನಿದ್ದೆ ಔಷಧಿಯನ್ನು ಒಂದೇ ಒಂದು ದಿನ ಕುಡಿದಿದ್ದಳಂತೆ. ಎಷ್ಟೋ ವರ್ಷದ ಮೇಲೆ ಮೈಮರೆತು ನಿದ್ದೆ ಬಂತು. ಬೆಳಗಾದರೂ ಏಳಲಿಲ್ಲ. ಮಗಳೇ ಎದ್ದು ಒಲೆ ಹಚ್ಚಲು ಹೋಗಿದ್ದಾಳೆ. ಎಚ್ಚರವಾಗಿ ನೋಡಿದರೆ ಹುಡುಗಿ ಒಲೆಯ ಪಕ್ಕ ಬಿದ್ದು ಒದ್ದಾಡುತ್ತಿದ್ದಳು, ಎಡಗೈ ಕೆಂಡದೊಳಗಿತ್ತು. ಅಲ್ಲಿಂದಾಚೆಗೆ ಅಕ್ಕಯಮ್ಮ ಆ ಔಷಧಿ ಮುಟ್ಟಲಿಲ್ಲ. ತನ್ನನ್ನು ಅಷ್ಟು ಮಲಗಿಸಿದ ಔಷಧಿ ಇವಳ ಮೂರ್ಛೆಯನ್ನೂ ಮಲಗಿಸಬಹುದು ಎಂದುಕೊಂಡು ಮಗಳಿಗೆ ಕುಡಿಸಿದಳು. ಮೂರ್ಛೆ ಕಡಿಮೆಯಾಯಿತು. ಅದಕ್ಕೇ ವಾರ ವಾರ ಬಂದು, ನನಗೆ ನೋವು, ನನಗೆ ನಿದ್ದೆಯಿಲ್ಲ ಎಂದು ಹೇಳಿ ತೆಗೆದುಕೊಂಡು ಹೋಗುತ್ತಿದ್ದಳು. ಹೇಳಿದ್ದು ಸುಳ್ಳೇನಲ್ಲ. ನೋವೂ ಇತ್ತು, ನಿದ್ದೆಯೂ ಇರಲಿಲ್ಲ.

ಡಾಕ್ಟ್ರಮ್ಮ ನನ್ನ ಕಡೆ ತಿರುಗಿ, ಬ್ರೋಮೈಡನ್ನು ಹಿಂದೆ ಯಾವ ಕಾಯಿಲೆಗೆ ಕೊಡುತ್ತಿದ್ದರು ಗೊತ್ತೇ ಎಂದು ಕೇಳಿದರು. ಗೊತ್ತಿತ್ತು. ಮೂರ್ಛೆ ರೋಗಕ್ಕೇ ಕೊಡುತ್ತಿದ್ದರು. ಓದು ಬಾರದ ಹೆಂಗಸು ತಾನಾಗಿಯೇ ಅಲ್ಲಿಗೆ ಬಂದು ಮುಟ್ಟಿದ್ದಳು. ಆದರೆ ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅವಳಿಗೆ ಹೇಳಬೇಕಾದವರು ನಾವು. ನಮಗೆ ಅವಳು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಅದಕ್ಕಿಂತ ಒಳ್ಳೆಯ ಮಾತ್ರೆ ಆಗಲೇ ಬಂದಿತ್ತು. ಅವಳು ಬಂದು ನಿಲ್ಲುತ್ತಿದ್ದ ಕಿಟಕಿಯ ಪಕ್ಕದ ಬೀರುವಿನಲ್ಲೇ ಇತ್ತು.

ಇನ್ನೊಂದು ವಿಷಯವೂ ಹೊರಬಿತ್ತು. ಮೂರ್ಛೆಗೆ ಉಪ್ಪು ಆಗದು ಎಂದು ಯಾರೋ ಹೇಳಿದ್ದರಿಂದ ಹುಡುಗಿಗೆ ಉಪ್ಪಿಲ್ಲದ ಊಟ ಹಾಕುತ್ತಿದ್ದಳು. ಮೈಯಲ್ಲಿ ಉಪ್ಪು ಕಡಿಮೆಯಾದರೆ ಬ್ರೋಮೈಡ್ ಇನ್ನೂ ಹೆಚ್ಚು ಕೂತುಕೊಳ್ಳುತ್ತದೆ. ಅದಕ್ಕೆ ಮದ್ದೂ ಉಪ್ಪೇ. ಡಾಕ್ಟ್ರಮ್ಮ ಔಷಧಿ ನಿಲ್ಲಿಸಿ, ಅಳತೆಯಿಟ್ಟು ಉಪ್ಪು ನೀರು ಕುಡಿಸಿ, ಮೂರ್ಛೆ ಮರುಕಳಿಸದಂತೆ ಹೊಸ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿದರು. ಆಸ್ಪತ್ರೆಯಲ್ಲಿದ್ದ ಒಂದೇ ಹಾಸಿಗೆಯಲ್ಲಿ ಸರೋಜ ಮೂರು ವಾರ ಇದ್ದಳು. ಉಪ್ಪು ನೀರನ್ನು ನಾನೇ ತೂಗಿ ಬೆರೆಸಿ ಕುಡಿಸುತ್ತಿದ್ದೆ. ಮೊದಲು ಗೋಡೆಯೊಡನೆ ಮಾತು ನಿಂತಿತು. ಆಮೇಲೆ ತಾಯಿಯ ಗುರುತು ಹತ್ತಿತು. ಗುಳ್ಳೆಗಳು ಒಣಗಲು ಬಹಳ ದಿನ ಹಿಡಿಯಿತು.

ನನ್ನ ಮೇಲೆ ದೂರು ಬರೆಯುತ್ತಾರೆಂದು ಕಾಯುತ್ತಿದ್ದೆ. ಒಂದು ದಿನ ನಾನೇ ಕೇಳಿದೆ. ಬರೆದರೆ ಇನ್ನೊಬ್ಬ ಕಾಂಪೌಂಡರ್ ಬರುತ್ತಾನೆ, ಅವನೂ ಸೀಸೆ ತುಂಬುತ್ತಾನೆ, ನೀವಾದರೆ ಇನ್ನು ಮೇಲೆ ಕೇಳುತ್ತೀರಿ ಎಂದರು. ಅದು ಕ್ಷಮೆ ಎಂದು ನನಗೆ ಅನ್ನಿಸಲಿಲ್ಲ. ಆವತ್ತಿನಿಂದ ಪ್ರತಿಯೊಬ್ಬರನ್ನೂ ಕೇಳತೊಡಗಿದೆ: ನಿದ್ದೆ ಯಾಕೆ ಬರಲ್ಲ, ಮನೇಲಿ ಯಾರಿದಾರೆ, ಮಲಗಿದಾಗ ಏನು ನೆನಪಾಗುತ್ತೆ. ಅದು ಎಷ್ಟು ದಣಿಸುವ ಕೆಲಸವೆಂದು ಆಗ ತಿಳಿಯಿತು. ಉತ್ತರ ಬಂದ ಮೇಲೆ ಅದಕ್ಕೆ ನನ್ನ ಬೀರುವಿನಲ್ಲಿ ಔಷಧಿ ಇರುತ್ತಿರಲಿಲ್ಲ.

ಮಗಳಿಗೆ ಗುಣವಾಯಿತಲ್ಲ, ಇನ್ನು ಅಕ್ಕಯಮ್ಮ ನಿದ್ದೆ ಮಾಡುತ್ತಾಳೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಮಾತ್ರೆ ಶುರುವಾಗಿ ಆರು ತಿಂಗಳು ಮೂರ್ಛೆ ಬರಲಿಲ್ಲ, ವರ್ಷವಾದರೂ ಬರಲಿಲ್ಲ. ಅಕ್ಕಯಮ್ಮನ ಕತ್ತು ಮಾತ್ರ ಹಾಗೆಯೇ ತಿರುಗಿತ್ತು. ಸೆರಗು ಕಟ್ಟಿಕೊಳ್ಳುವುದನ್ನು ಬಿಡಿ ಎಂದು ಡಾಕ್ಟ್ರಮ್ಮ ಹೇಳಿದರು. ಬಿಟ್ಟಳು. ಬಿಟ್ಟ ಮೇಲೆ ಕತ್ತಲಲ್ಲಿ ಕೈಯಾಡಿಸಿ ಮಗಳ ಮುಖ ಮುಟ್ಟಿ ನೋಡುವುದು ಶುರುವಾಯಿತಂತೆ. ಮಲಗೋದೇ ಮರ್ತೋಗಿದೆ ಸಾಮಿ, ಏನ್ ಮಾಡ್ಲಿ ಎಂದು ನನ್ನೊಡನೆ ಒಮ್ಮೆ ಹೇಳಿದಳು. ನೋವೂ ಹಾಗೆಯೇ ಇತ್ತು. ಅವಳಿಗೆ ಈಗ ಇನ್ನೊಂದು ಭಯ ಸೇರಿಕೊಂಡಿತ್ತು. ಗಾಡಿಯಲ್ಲಿ ಬಂದ ದಿನ ಜಗಲಿಯಲ್ಲಿದ್ದವರು ನೋಡಿದ್ದರು. ಗಾಳಿ ಎಂದುಕೊಂಡು ಸುಮ್ಮನಾಗಿದ್ದರೋ, ನಿಜ ಗೊತ್ತಾಗಿದೆಯೋ, ಅದನ್ನು ಯೋಚಿಸುತ್ತಾ ಮಲಗುತ್ತಿದ್ದಳು.

ಆ ಹೊತ್ತಿಗೆ ಅವಳ ಅಣ್ಣ ಚಿಂತಾಮಣಿಯ ಕಡೆಯಿಂದ ಒಂದು ಸಂಬಂಧ ತಂದ. ತರಕಾರಿ ಮಂಡಿಯಲ್ಲಿ ಬರೆಯುವ ಕೆಲಸದ ಹುಡುಗ. ಅಕ್ಕಯಮ್ಮ ಬಂದು, ಇದನ್ನು ಹೇಳದೆ ಮುಗಿಸಿಬಿಡಬಹುದೇ ಎಂದು ಕೇಳಿದಳು. ಮಗಳು ಪಕ್ಕದಲ್ಲೇ ನಿಂತಿದ್ದಳು.

"ಹೇಳದೆ ಮದುವೆ ಮಾಡಿದ್ರೆ ಇವಳು ಮಾತ್ರೆ ಬಚ್ಚಿಟ್ಕೊಂಡು ತಿನ್ಬೇಕಾಗತ್ತೆ," ಎಂದರು ಡಾಕ್ಟ್ರಮ್ಮ. "ನಿಮ್ಮ ಹಾಗೆ ಇವಳೂ ನಿದ್ದೆಗೆಡಬೇಕಾ?"

ಅಕ್ಕಯಮ್ಮ ಮಗಳ ಕೈ ಹಿಡಿದುಕೊಂಡು ಹೊರಟುಹೋದಳು. ಹೇಳುವುದಿಲ್ಲವೆಂದು ನಿಶ್ಚಯಿಸಿಯೇ ಹೋಗಿದ್ದಳು ಎಂದು ನನ್ನ ಅನಿಸಿಕೆ.

ಮುಂದೆ ಏನಾಯಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸರೋಜಳಿಗೆ ಮದುವೆಯಾಗಲಿಲ್ಲ, ನನಗೆ ತಿಳಿದ ಮಟ್ಟಿಗೆ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಒಂದು ಕಡೆ ಗೂಡು ಆರಿಸುವ ಕೆಲಸಕ್ಕೆ ಸೇರಿಕೊಂಡಳು. ಅಲ್ಲಿ ಬೆಂಕಿಯಿಲ್ಲ, ಬಿಸಿನೀರಿಲ್ಲ. ಅಕ್ಕಯಮ್ಮನ ಕತ್ತಿನ ನೋವು ಪೂರ್ತಿ ಹೋಗಲಿಲ್ಲ. ಚಳಿಗಾಲದಲ್ಲಿ ಹಚ್ಚುವ ಎಣ್ಣೆಗೆ ಬರುತ್ತಿದ್ದಳು. ಉಳಿದ ಕಾಲದಲ್ಲಿ ಬರುತ್ತಿರಲಿಲ್ಲ. ಅಷ್ಟು ವರ್ಷ ಬಿಗಿಹಿಡಿದ ಮೈ ಒಂದೇ ಸಲಕ್ಕೆ ಸಡಿಲವಾಗುವುದಿಲ್ಲ. ಹಾಗಾಗುತ್ತದೆ ಎಂದು ರೋಗಿಗೆ ಮಾತು ಕೊಡಬೇಡಿ. ನನ್ನ ದವಡೆಗೆ ಹದಿನೈದು ದಿನ ಸಾಕಾಯಿತು, ಅವಳಿಗೆ ಹತ್ತು ವರ್ಷ ಸಾಲಲಿಲ್ಲ.

ನಾನು ಹೇಳಬೇಕೆಂದಿರುವುದು ಹೆಣ್ಣು ನೋಡಲು ಬಂದುಹೋದ ಮಾರನೆಯ ದಿನದ್ದು.

ಆವತ್ತು ತಾಯಿ ಮಗಳು ಇಬ್ಬರೂ ಹತ್ತು ಗಂಟೆಯ ಹೊತ್ತಿಗೆ ಬಂದರು. ಸರೋಜಳ ತಿಂಗಳ ಮಾತ್ರೆ ಮುಗಿದಿತ್ತು. ಅಕ್ಕಯಮ್ಮ ಕಿಟಕಿಯಲ್ಲಿ ನಿಂತು, ನಾನು ಏನೂ ಕೇಳದಿದ್ದರೂ ಹೇಳತೊಡಗಿದಳು. ಗಂಡಿನ ಕಡೆಯವರು ಬಂದರು, ಕಾಫಿ ಕುಡಿದರು, ಹುಡುಗಿ ಒಪ್ಪಿಗೆಯಾದಳು. ದಿನ ನೋಡೋಣ ಎನ್ನುವಷ್ಟರಲ್ಲಿ ಸರೋಜ ತಾನಾಗಿಯೇ ಸೆರಗು ಸರಿಸಿ ಸುಟ್ಟ ಕೈಯನ್ನು ಹುಡುಗನ ತಾಯಿಗೆ ತೋರಿಸಿದಳಂತೆ. ನನಗೆ ಮೂರ್ಛೆ ಬರ್ತಿತ್ತು, ಈಗ ಮಾತ್ರೆ ತಗೋತೀನಿ, ಒಂದು ವರ್ಷದಿಂದ ಬಂದಿಲ್ಲ ಎಂದಳಂತೆ. ಅಕ್ಕಯಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಂದವರು ಗಲಾಟೆ ಮಾಡಲಿಲ್ಲ. ಕಾಗದ ಹಾಕ್ತೀವಿ ಎಂದು ಎದ್ದು ಹೋದರು. ಕಾಗದ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಸಿಟ್ಟಿನಿಂದ ಜಗಲಿಯಲ್ಲಿ ನಿಂತು ಕೂಗಾಡಿದ. ಓಣಿಯಲ್ಲೆಲ್ಲ ಗೊತ್ತಾಯಿತು.

ಬೆಳಗ್ಗೆ ಶೆಡ್ಡಿಗೆ ಹೋಗಲು ಅವಳಿಗೆ ಕಾಲು ಬರಲಿಲ್ಲವಂತೆ. ಹೇಗೋ ಹೋದಳು. ಪಕ್ಕದ ಚರಕದ ಹೆಂಗಸು ಎದ್ದು ಬಂದು ಸರೋಜಳ ಪಕ್ಕ ಕೂತಳು.

"ನಮಗೆ ಗೊತ್ತಿತ್ತು ಕಣಕ್ಕ ಅಂದ್ಲು ಸಾಮಿ," ಎಂದಳು ಅಕ್ಕಯಮ್ಮ. "ನಾಕು ವರ್ಷದಿಂದ ಎಲ್ರಿಗೂ ಗೊತ್ತಂತೆ. ನೀನು ಹೇಳ್ಲಿಲ್ಲ, ಅದಕ್ಕೆ ನಾವೂ ಕೇಳ್ಲಿಲ್ಲ ಅಂದ್ಲು. ಇನ್ಮೇಲೆ ನಾವೂ ನೋಡ್ಕೊತೀವಿ, ನೀನು ನಿನ್ನ ಎಳೆ ನೋಡು ಅಂದ್ಲು."

ಇಷ್ಟು ಹೇಳಿ ನನ್ನ ಮುಖ ನೋಡಿದಳು. ಅಳುತ್ತಿರಲಿಲ್ಲ. ಮಾತ್ರೆ ಎಣಿಸಿ ಕೊಡುತ್ತೇನೆ, ಕೂತಿರಿ ಎಂದೆ. ಜಗಲಿಯ ಬೆಂಚಿನ ತುದಿಯಲ್ಲಿ ಗೋಡೆಗೆ ಒರಗಿ ಕೂತಳು. ನಾನು ಮಾತ್ರೆಗಳನ್ನು ಎಣಿಸಿ ಪೊಟ್ಟಣ ಕಟ್ಟಿ ಕರೆದಾಗ ಎದ್ದು ಬಂದದ್ದು ಸರೋಜ. ಅಕ್ಕಯಮ್ಮನ ತಲೆ ಎಡಗಡೆಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಗಾಢ ನಿದ್ದೆ.

ಜಗಲಿಯಲ್ಲಿ ಮಕ್ಕಳು ಅಳುತ್ತಿದ್ದರು. ಜನ ನಾನು ಮೊದಲು ತಾನು ಮೊದಲು ಎಂದು ಜಗಳವಾಡುತ್ತಿದ್ದರು. ಆ ಗದ್ದಲದಲ್ಲಿ ಅವಳು ಕದಲಲಿಲ್ಲ. ಡಾಕ್ಟ್ರಮ್ಮ ಹೊರಗೆ ಬಂದವರು ನೋಡಿ, ಹತ್ತಿರ ನಿಂತಿದ್ದವರನ್ನು ಜಗಲಿಯ ಆ ಕೊನೆಗೆ ಕಳಿಸಿದರು. ಹನ್ನೆರಡಾಯಿತು, ಎರಡಾಯಿತು, ಕೊನೆಯ ರೋಗಿಯೂ ಹೋದ. ಬಿಸಿಲು ಜಗಲಿಗೆ ಬಂದು ಅವಳ ಮೈಮೇಲೆ ಬಿದ್ದಿತ್ತು. ನಾನು ಬಾಗಿಲು ಮುಚ್ಚಿ ಊಟಕ್ಕೆ ಹೋಗಬೇಕಾಗಿತ್ತು. ಬೀಗದ ಕೈ ಹಿಡಿದುಕೊಂಡು ಹತ್ತಿರ ಹೋದೆ. ಸರೋಜ ತಾಯಿಯ ಬಲಗಡೆ ಕೂತಿದ್ದಳು. ಸುಟ್ಟ ಕೈಯನ್ನು ಮುಚ್ಚಿಕೊಂಡಿರಲಿಲ್ಲ, ಆ ಕೈಯಲ್ಲೇ ಸೆರಗು ಹಿಡಿದು ತಾಯಿಯ ಮುಖಕ್ಕೆ ನೆರಳು ಮಾಡಿದ್ದಳು.

"ಎಬ್ಬಿಸ್ಬೇಡಿ ಸಾರ್," ಎಂದಳು. "ನೀವು ಊಟಕ್ಕೆ ಹೋಗಿ. ನಾನು ಎದ್ದಿರ್ತೀನಿ."